ಹೆಸರೂ ಬಾಳೂ: ಸಂತ ದೇವಸಹಾಯಂ

ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರನ್ನು ಬರೆಯುವಾಗಲೆಲ್ಲ ನನ್ನ ಮನದಲ್ಲಿ ಏಳುವ ಪ್ರಶ್ನೆಯೊಂದುಂಟು: ಹೆಸರು ಮನುಷ್ಯನನ್ನು ರೂಪಿಸುವುದೇ?

1712ರಲ್ಲಿ ತಿರುವಾಂಕೂರು ಸೀಮೆಯ ನಟ್ಟಾಲಂ ಗ್ರಾಮದಲ್ಲಿ ಜನಿಸಿದ ನೀಲಕಂಠ ಪಿಳ್ಳೆಯವರು ಮಾರ್ತಾಂಡವರ್ಮ ಮಹಾರಾಜರ ಆಳ್ವಿಕೆಯಲ್ಲಿ ಅರಮನೆಯ ಸೇವೆಯಲ್ಲಿದ್ದರು. ಡಚ್ ಸೇನಾನಿ ಡಿಲನಾಯ್ ಅವರಿಂದ ಕ್ರಿಸ್ತನನ್ನು ಅರಿತು, 1745ರ ಮೇ 14ರಂದು ವಡಕ್ಕನ್‌ಕುಳಂನಲ್ಲಿ ಜ್ಞಾನಸ್ನಾನ ಪಡೆದರು. ಅಂದು ಪಡೆದ ಲಾಜರಸ್ ಎಂಬ ನಾಮವೇ ತಮಿಳಿನಲ್ಲಿ ದೇವಸಹಾಯಂ ಆಯಿತು. ದೇವರೇ ಸಹಾಯ ಎಂಬುದು ಅದರ ಅರ್ಥ. ಆ ನಾಮಕ್ಕೆ ತಕ್ಕಂತೆ ಬಾಳಿದ್ದಕ್ಕಾಗಿ ಸೆರೆಯನ್ನೂ ಚಿತ್ರಹಿಂಸೆಯನ್ನೂ ಸಹಿಸಿ, 1752ರ ಜನವರಿ 14ರಂದು ಅರಲ್ವಾಯ್‌ಮೊಳಿಯ ಸಮೀಪದ ಕಾಟ್ಟಾಡಿಮಲೆಯಲ್ಲಿ ಗುಂಡಿಗೆ ಬಲಿಯಾದರು.

ಮೇಲು ಕೀಳೆಂದೆಣಿಸದೆ ಎಲ್ಲರೊಡನೆ ಬೆರೆತ ಆ ಪುಣ್ಯಾತ್ಮರ ಹೆಸರಿಗೆ ಜಾತಿಸೂಚಕವಾದ ‘ಪಿಳ್ಳೆ’ ಎಂಬುದು ಬಹುಕಾಲ ಅಂಟಿಕೊಂಡೇ ಇತ್ತು. 2020ರಲ್ಲಿ ವ್ಯಾಟಿಕನ್ ಅದನ್ನು ಕೈಬಿಟ್ಟಿತು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸರು ದೇವಸಹಾಯಂ ಎಂಬ ಹೆಸರಿನಿಂದಲೇ ಅವರನ್ನು ಸಂತಪದವಿಗೇರಿಸಿದರು.

ಹೆಸರು ತಾನಾಗಿ ಯಾರನ್ನೂ ರೂಪಿಸದು. ಅದು ನಮ್ಮನ್ನು ಕರೆಯುತ್ತದೆ, ಓಗೊಡಬೇಕಾದವರು ನಾವು. ಆದರೆ ನಾವು ಹೆಸರಿಗೆ ಅಂಟಿಸುವ ಜಾತಿಯಾದರೋ ಸತ್ತವರನ್ನೂ ಬಿಡದು. ಪ್ರಿಯ ವಿಶ್ವಾಸಿಗಳೇ, ಮಕ್ಕಳಿಗೆ ಹೆಸರಿಡುವಾಗ ಇದನ್ನು ನೆನೆಯೋಣ.