ಲೈಸೆನ್ಸ್ ಹುಟ್ಟಿದ್ದು ಯಾರಿಗಾಗಿ? ದಂಡು ಪ್ರದೇಶದ ಬೈಕ್ ಸವಾರರ ಒಂದು ಚರಿತ್ರೆ

2023ರ ಫೆಬ್ರವರಿ 3ರಿಂದ 11ರವರೆಗೆ ಬೆಂಗಳೂರಿನ ಟ್ರಾಫಿಕ್ ಪೊಲೀಸರು ಬಾಕಿ ದಂಡವನ್ನು ಅರ್ಧಕ್ಕೆ ಇಳಿಸಿ ವಸೂಲು ಮಾಡಿದರು. ಆ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಬಂತು. ರಿಯಾಯಿತಿ ಫಲ ಕೊಟ್ಟಿತು ಎಂದು ಎಲ್ಲರೂ ಬರೆದರು. ಅದರ ಹಿಂದಿನ ವಿಚಿತ್ರವನ್ನು ಕೇಳಿದವರು ಕಡಿಮೆ. ಲೈಸೆನ್ಸ್ ಕೊಡುವಾಗ ಸರ್ಕಾರವೇ ‘ಈತನಿಗೆ ಗಾಡಿ ಓಡಿಸಲು ಬರುತ್ತದೆ, ರಸ್ತೆಯ ನಿಯಮ ಗೊತ್ತಿದೆ’ ಎಂದು ಮೊಹರು ಒತ್ತಿರುತ್ತದೆ. ಅದೇ ಸರ್ಕಾರ, ಅದೇ ಸವಾರರಿಂದ, ನಿಯಮ ಮುರಿದದ್ದಕ್ಕೆ ಇಷ್ಟು ಹಣ ಎಣಿಸಿಕೊಳ್ಳುತ್ತದೆ. ಹಾಗಿದ್ದರೆ ಆ ಮೊಹರಿಗೆ ಏನು ಅರ್ಥ? ನಮ್ಮಲ್ಲಿ ಲೈಸೆನ್ಸ್ ಎಂಬುದು ಮೊದಲಿನಿಂದಲೂ ಕೌಶಲದ ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಪೊಲೀಸರು ಕೇಳಿದಾಗ ತೋರಿಸುವ ಕಾಗದವಾಗಿದೆ ಎಂಬುದು ಈ ಬರಹದ ವಾದ. ಮೈದಾನದಲ್ಲಿ ಆಗಬೇಕಿದ್ದ ಪರೀಕ್ಷೆ ರಸ್ತೆಬದಿಯ ತಪಾಸಣೆಗೆ ವರ್ಗವಾಯಿತು. ಅದು ಹೇಗಾಯಿತೆಂದು ನೋಡಲು ಬೆಂಗಳೂರಿನ ಪೂರ್ವ ಭಾಗಕ್ಕಿಂತ ಒಳ್ಳೆಯ ಜಾಗವಿಲ್ಲ.

1809ರಲ್ಲಿ ಹಲಸೂರಿನ ಸುತ್ತ ಬ್ರಿಟಿಷರ ದಂಡು ನೆಲೆಯೂರಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ದಂಡು ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಅದು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿಯಿತು. ಮುಂದಿನ ಅರವತ್ತಾರು ವರ್ಷ ಕಬ್ಬನ್ ಪಾರ್ಕಿನ ಆಚೆಗೊಂದು, ಈಚೆಗೊಂದು ಆಡಳಿತ. ಎರಡು ಪುರಸಭೆ, ಎರಡು ಪೊಲೀಸ್ ಪಡೆ. ಹಲಸೂರಿನಿಂದ ಚಿಕ್ಕಪೇಟೆಗೆ ಹೋಗುವವನು ಅರ್ಧ ದಾರಿಯಲ್ಲಿ ಒಂದು ಸರ್ಕಾರದ ಕಾನೂನನ್ನು ದಾಟಿ ಇನ್ನೊಂದರೊಳಗೆ ಇಳಿಯುತ್ತಿದ್ದ. ಇಂಥ ಊರಿನಲ್ಲಿ ರಸ್ತೆಯ ಮೇಲಿನವನು ಯಾರು, ಎಲ್ಲಿಯವನು ಎಂಬುದೇ ಆಡಳಿತಕ್ಕೆ ಮುಖ್ಯವಾದ ಪ್ರಶ್ನೆಯಾಗಿದ್ದರೆ ಅಚ್ಚರಿಯಿಲ್ಲ. ಮೋಟಾರು ಕಾಯ್ದೆ ಬಂದದ್ದೂ ಅದೇ ಪ್ರಶ್ನೆಯನ್ನು ಹೊತ್ತು. ಬ್ರಿಟನ್ನಿನಲ್ಲಿ ಲೈಸೆನ್ಸ್ ಕಡ್ಡಾಯವಾದದ್ದು 1903ರ ಕಾಯ್ದೆಯಿಂದ. ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಲೈಸೆನ್ಸ್ ಇತ್ತು, ಪರೀಕ್ಷೆ ಇರಲಿಲ್ಲ. ಗಾಡಿಗೆ ನಂಬರು, ಓಡಿಸುವವನಿಗೆ ಚೀಟಿ. ಎರಡರ ಉದ್ದೇಶವೂ ಗುರುತು ಹಿಡಿಯುವುದು. ಆ ನಡುವೆಯೇ 1914ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆ ಬಂತು. ಅದು ಲೈಸೆನ್ಸನ್ನು ಕಡ್ಡಾಯ ಮಾಡಿತು, ಪೊಲೀಸರು ಕೇಳಿದರೆ ಗಾಡಿ ನಿಲ್ಲಿಸಬೇಕೆಂದಿತು. ಅರ್ಹತೆಯನ್ನು ಅಳೆಯುವುದು ಹೇಗೆಂಬುದನ್ನು ಮಾತ್ರ ಪ್ರಾಂತ್ಯಗಳ ನಿಯಮಗಳಿಗೆ ಬಿಟ್ಟುಕೊಟ್ಟಿತು. ತಡೆಯುವ ಅಧಿಕಾರ ಮೊದಲು ಬಂತು, ಕಲಿಕೆಯ ಚಿಂತೆ ಆಮೇಲೆ ಬಂತು. ಇಂದಿಗೂ ಅದೇ ಕ್ರಮ ಮುಂದುವರಿದಿದೆ.

1939ರ ಕಾಯ್ದೆ ಪರೀಕ್ಷೆಯನ್ನು ಕಾಯ್ದೆಯೊಳಗೇ ತಂದು, ಅದರ ವಿವರಕ್ಕೆ ಒಂದು ಅನುಸೂಚಿಯನ್ನೇ ಮೀಸಲಿಟ್ಟಿತು. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಲೈಸೆನ್ಸ್ ತೋರಿಸಬೇಕೆಂಬ ಕಲಮು ಕೂಡ ಅದರಲ್ಲಿತ್ತು. ದಂಡು ಪ್ರದೇಶ 1947ರ ಜುಲೈನಲ್ಲಿ ಮೈಸೂರಿಗೆ ಮರಳಿತು, 1949ರಲ್ಲಿ ಎರಡು ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಯಿತು, ಸಂಸ್ಥಾನ ಗಣರಾಜ್ಯದಲ್ಲಿ ಕರಗಿದ ಮೇಲೆ ಆ ಕಾಯ್ದೆಯೇ ಊರಿಗೆಲ್ಲ ಒಂದಾಯಿತು. ಆಗ ಪೂರ್ವದ ರಸ್ತೆಗಳಲ್ಲಿ ಬೈಕುಗಳು ವಿರಳ, ತುಂಬಿದ್ದದ್ದು ಸೈಕಲ್ಲು. 1940ರಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆ ಬಂತು, 1948ರಲ್ಲಿ ಕೆ.ಆರ್. ಪುರದ ಹತ್ತಿರ ದೂರವಾಣಿನಗರದಲ್ಲಿ ಐಟಿಐ ಟೆಲಿಫೋನ್ ಕಾರ್ಖಾನೆ ಬಂತು, ಆಮೇಲೆ ಬೈಯಪ್ಪನಹಳ್ಳಿಯ ಬಳಿ ಎನ್‌ಜಿಇಎಫ್. ಶಿಫ್ಟ್ ಬಿಟ್ಟ ಹೊತ್ತಿಗೆ ಹಳೆ ಮದ್ರಾಸ್ ರಸ್ತೆಯ ಉದ್ದಕ್ಕೂ ಸೈಕಲ್ಲಿನ ಸಾಲು. ಸೈಕಲ್ಲಿಗೆ ಲೈಟು ಇಲ್ಲ, ಇಬ್ಬರು ಕೂತಿದ್ದಾರೆ ಎಂದು ಹಿಡಿಯುವುದು ಆ ಕಾಲದ ಬೀದಿಯ ಪೊಲೀಸಿನವರ ಮಾಮೂಲು ಕೆಲಸವಾಗಿತ್ತು. ಸೈಕಲ್ ತುಳಿಯಲು ಪರೀಕ್ಷೆಯೇನೂ ಇರಲಿಲ್ಲ, ಆದ್ದರಿಂದ ರಸ್ತೆಯ ಶಿಸ್ತನ್ನು ಕಲಿಸುವ ಏಕೈಕ ಜಾಗ ರಸ್ತೆಯೇ, ಏಕೈಕ ಮೇಷ್ಟ್ರು ಪೇದೆಯೇ ಆಗಿದ್ದ. ಇಂದಿನ ತಪಾಸಣೆಯ ರೂಢಿಗೆ ಬೇರು ಅಲ್ಲಿಯೇ ಇದೆಯೆಂದು ನನಗೆ ಕಾಣುತ್ತದೆ. ಸೈಕಲ್ ತುಳಿದ ಕಾರ್ಮಿಕರ ಮಕ್ಕಳು ಮೊಪೆಡ್ಡಿಗೆ, ಸ್ಕೂಟರಿಗೆ, ಬೈಕಿಗೆ ಬಂದರು. ರಸ್ತೆ ಅದೇ, ತಡೆಯುವ ಕ್ರಮವೂ ಅದೇ ಉಳಿಯಿತು.

ಬದಲಾಗಬೇಕಿದ್ದದ್ದು ಪರೀಕ್ಷೆ. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದಾಗ ಬೈಕ್ ಎಂಬುದು ಕೆಲವರ ಹೆಮ್ಮೆಯ ವಸ್ತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂದ ಮೇಲೆ, 1985ರ ಸುಮಾರಿಗೆ ಜಪಾನಿನ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದ ಮೇಲೆ ಅದು ಗುಮಾಸ್ತರ, ಫಿಟ್ಟರುಗಳ, ಅಂಗಡಿ ಹುಡುಗರ ವಾಹನವಾಯಿತು. ಇಂದು ಬೆಂಗಳೂರಿನ ವಾಹನಗಳಲ್ಲಿ ಮೂರನೇ ಎರಡರಷ್ಟು ಎರಡು ಚಕ್ರದವೇ. 1988ರ ಹೊಸ ಕಾಯ್ದೆ 1989ರ ಜುಲೈ 1ರಂದು ಜಾರಿಯಾಯಿತು. ಹಳೆಯ ಎಂವೈ, ಎಂಇ, ಸಿಎ ನಂಬರುಗಳು ಹೋಗಿ ಕೆಎ ಬಂತು, ಪೂರ್ವಕ್ಕೆ ಕೆಎ-03, ಮುಂದೆ ಕೆ.ಆರ್. ಪುರಕ್ಕೆ ಕೆಎ-53. ಹೊಸ ಕಾಯ್ದೆಯ ಜೊತೆಗೇ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮವನ್ನು ಪ್ರತಿಯೊಬ್ಬ ಸವಾರನೂ ಒಮ್ಮೆ ಓದಬೇಕು. ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕೆಂದು ಅದು ಪಟ್ಟಿ ಮಾಡುತ್ತದೆ: ಸುರಕ್ಷಿತವಾಗಿ ಹೊರಡುವುದು, ಸರಿಯಾದ ಸಿಗ್ನಲ್ ಕೊಡುವುದು, ಎಡಕ್ಕೂ ಬಲಕ್ಕೂ ತಿರುಗುವುದು, ಬೇರೆ ವಾಹನವನ್ನು ಹಿಂದಿಕ್ಕುವುದು, ತನ್ನನ್ನು ಹಿಂದಿಕ್ಕಲು ಬಿಡುವುದು, ತುರ್ತಿನಲ್ಲಿ ಗಾಡಿ ನಿಲ್ಲಿಸುವುದು. ಈ ಪಟ್ಟಿ ಬರೆದವರಿಗೆ ರಸ್ತೆ ಗೊತ್ತಿತ್ತು. ಆದರೆ ಪಟ್ಟಿಯಲ್ಲಿನ ಅರ್ಧಕ್ಕೆ ಬೇರೆ ವಾಹನಗಳಿರುವ ರಸ್ತೆ ಬೇಕು. ಖಾಲಿ ಜಾಗದಲ್ಲಿ ಕಾಲೂರದೆ ಎಂಟು ಹಾಕಿಸಿ, ಒಂದು ಸುತ್ತು ಹೊಡೆಸಿ ಕಳಿಸಿದರೆ ಹಿಂದಿಕ್ಕುವುದನ್ನು ಪರೀಕ್ಷಿಸಿದಂತಾಗುವುದಿಲ್ಲ, ತುರ್ತು ಬ್ರೇಕನ್ನೂ ಪರೀಕ್ಷಿಸಿದಂತಾಗುವುದಿಲ್ಲ. ಎಂಟು ಹಾಕುವುದು ಸಮತೋಲದ ಪರೀಕ್ಷೆ, ಅಷ್ಟೇ. ಟಿನ್ ಫ್ಯಾಕ್ಟರಿಯ ಬಳಿ ಬಸ್ಸಿನ ಎಡಗಡೆಯಿಂದ ನುಗ್ಗಬಾರದು ಎಂಬುದನ್ನು ಅದು ಕಲಿಸದು.

ಕಲಿಸದೆ ಬಿಟ್ಟ ಪಾಠವನ್ನು ರಸ್ತೆಯಲ್ಲಿ ಹೇಗೆ ಕೇಳಲಾಯಿತು ಎಂಬುದು ಚರಿತ್ರೆಯ ಮುಂದಿನ ಭಾಗ. ‘ಗಾಡಿ ಸೈಡಿಗೆ ಹಾಕಿ’ ಎಂದು ತಡೆದ ಮೇಲೆ ಮೊದಲು ಬರುವ ಪ್ರಶ್ನೆ ಹೇಗೆ ಓಡಿಸಿದೆ ಎಂಬುದಲ್ಲ. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್. ನಾಲ್ಕೂ ಕಾಗದ. ಶಿವಾಜಿನಗರದಂಥ ಕಡೆ ಇದಕ್ಕೆ ರಸ್ತೆಯ ರಚನೆಯೂ ಸೇರಿತು. ದಂಡಿನ ಕಾಲದ ಇಕ್ಕಟ್ಟಾದ ಬೀದಿಗಳನ್ನು ಒನ್ ವೇ ಮಾಡಿದಾಗ, ಗುಜರಿ ಅಂಗಡಿಗೆ ಬಿಡಿಭಾಗ ಹುಡುಕಿ ಬಂದ ಹೊರಗಿನ ಸವಾರನಿಗೆ ತಪ್ಪು ಮಾಡುವುದು ಸುಲಭ, ಹಿಡಿಯುವವರಿಗೆ ಬೀದಿಯ ಕೊನೆಯಲ್ಲಿ ನಿಲ್ಲುವುದು ಇನ್ನೂ ಸುಲಭ. ತಿರುವಿನಲ್ಲಿ ಫಲಕ ಕಾಣುವಂತೆ ನಿಲ್ಲಿಸಿದರೆ ತಪ್ಪೇ ಆಗದು. ತಪ್ಪಾದ ಮೇಲೆ ಹಿಡಿದರೆ ದಂಡವಾಗುತ್ತದೆ. ಎರಡನೆಯದೇ ರೂಢಿಯಾಯಿತು. ಸ್ಥಳದಲ್ಲೇ ರಾಜಿ ದಂಡ ಕಟ್ಟಿಸಿಕೊಳ್ಳುವ ಅಧಿಕಾರವನ್ನು 1988ರ ಕಾಯ್ದೆಯ 200ನೇ ಕಲಮು ಸರ್ಕಾರ ಗೊತ್ತುಪಡಿಸಿದ ಅಧಿಕಾರಿಗಳಿಗೆ ಮಾತ್ರ ಕೊಡುತ್ತದೆ. ಓಡುತ್ತಿರುವ ಬೈಕಿನ ಕೀ ಕಿತ್ತುಕೊಳ್ಳಲು ಯಾವ ಕಲಮೂ ಹೇಳುವುದಿಲ್ಲ. ಆದರೂ ಕೀಗೆ ಕೈ ಹಾಕುವುದು ನಗರದ ಸವಾರರಿಗೆಲ್ಲ ಪರಿಚಿತ ದೃಶ್ಯ. ಪರೀಕ್ಷೆಯನ್ನು ನಂಬದ ವ್ಯವಸ್ಥೆ ಸವಾರನನ್ನೂ ನಂಬುವುದಿಲ್ಲ.

ಇಲ್ಲಿ ಬರುವ ಬಲವಾದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತಡೆದು ದಂಡ ಹಾಕದಿದ್ದರೆ ಹೆಲ್ಮೆಟ್ ಹಾಕುವವರು ಯಾರು? ಇದು ನಿಜ. 1977ರಲ್ಲೇ ಹಳೆಯ ಕಾಯ್ದೆಗೆ ಹೆಲ್ಮೆಟ್ ಕಲಮು ಸೇರಿತ್ತು. ಬೆಂಗಳೂರಿನಲ್ಲಿ ಅದು ಗಟ್ಟಿಯಾಗಿ ಜಾರಿಯಾಗಲು 2006 ಬೇಕಾಯಿತು, ಹಿಂದೆ ಕೂತವರಿಗೆ 2016ರ ಜನವರಿ. ಜಾರಿಯಾಗಿದ್ದು ಉಪದೇಶದಿಂದಲ್ಲ, ಅಡ್ಡಗಟ್ಟಿ ನಿಂತ ಪೊಲೀಸರಿಂದ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 74,897 ಮಂದಿ ಎರಡು ಚಕ್ರದ ವಾಹನದವರು. ಅದೇ ವರ್ಷ 50,029 ಸಾವುಗಳು ಹೆಲ್ಮೆಟ್ ಇಲ್ಲದವರವು. ಇಷ್ಟು ಜನ ಸತ್ತಿರುವಾಗ ಹೆಲ್ಮೆಟ್ ತಪಾಸಣೆಯನ್ನು ಕಿರುಕುಳ ಎನ್ನುವವರ ಜೊತೆ ನಾನಿಲ್ಲ. 2019ರ ತಿದ್ದುಪಡಿ ನಿಗದಿಪಡಿಸಿದ ಸಾವಿರ ರೂಪಾಯಿಯ ಹೆಲ್ಮೆಟ್ ದಂಡವನ್ನು ಅದು ಜಾರಿಯಾದ ತಿಂಗಳಲ್ಲೇ ನಮ್ಮ ರಾಜ್ಯ ಐನೂರಕ್ಕೆ ಇಳಿಸಿದ್ದು ಜನಪ್ರಿಯವಾದರೂ ಸರಿಯಾದ ನಿರ್ಧಾರವಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ಈ ಉದಾಹರಣೆ ನನ್ನ ವಾದವನ್ನು ಬೀಳಿಸುವುದಿಲ್ಲ, ಅದರ ಎಲ್ಲೆಯನ್ನು ತೋರಿಸುತ್ತದೆ. ಹೆಲ್ಮೆಟ್ ಕಣ್ಣಿಗೆ ಕಾಣುವ ವಸ್ತು. ಇದೆಯೋ ಇಲ್ಲವೋ ಎಂದು ಒಂದು ನೋಟದಲ್ಲಿ ತೀರ್ಮಾನವಾಗುತ್ತದೆ. ಅಂಥದ್ದನ್ನು ದಂಡ ಕಲಿಸಬಲ್ಲದು. ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು, ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕ್ ಹೇಗೆ ಹಿಡಿಯಬೇಕು ಎಂಬುದು ರಸ್ತೆಬದಿಯಲ್ಲಿ ಎರಡು ನಿಮಿಷ ನಿಂತು ಕಲಿಯುವ ಪಾಠವಲ್ಲ. ಬಿದ್ದ ಮೇಲೆ ಹೆಲ್ಮೆಟ್ ಕಾಯುತ್ತದೆ. ಬೀಳದಂತೆ ಓಡಿಸುವುದನ್ನು ಮೊದಲೇ ಕಲಿಸಬೇಕು.

ಇನ್ನು ಕೆಲವರು ಎಲ್ಲಕ್ಕೂ ಲಂಚವೇ ಕಾರಣ, ಅದನ್ನು ನಿಲ್ಲಿಸಿದರೆ ಸಾಕು ಎನ್ನುತ್ತಾರೆ. ಆರ್‌ಟಿಒ ಸುತ್ತ ಏಜೆಂಟರು, ರಸ್ತೆಯಲ್ಲಿ ರಸೀದಿಯಿಲ್ಲದ ವ್ಯವಹಾರ ಎರಡೂ ಇದ್ದವು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಲಂಚ ಇಲ್ಲಿ ಕಾರಣಕ್ಕಿಂತ ಹೆಚ್ಚಾಗಿ ಪರಿಣಾಮ. ಕಾಗದವೇ ಮುಖ್ಯವಾದಲ್ಲಿ ಕಾಗದ ಕೊಡಿಸುವವನು ಹುಟ್ಟುತ್ತಾನೆ. ಕಾಗದ ನೋಡುವವನ ಮರ್ಜಿಯೇ ಮುಖ್ಯವಾದಲ್ಲಿ ಮರ್ಜಿಗೆ ಬೆಲೆ ಬರುತ್ತದೆ. ಇದನ್ನು ಆಡಳಿತವೇ ಒಪ್ಪಿಕೊಂಡ ಒಂದು ಘಟ್ಟವಿದೆ. 2022ರ ಜೂನಿನಲ್ಲಿ ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ನಿಯಮಭಂಗ ಇಲ್ಲದೆ ಬರೀ ದಾಖಲೆ ನೋಡಲು ವಾಹನ ತಡೆಯಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಸೂಚಿಸಿದರು. ‘ಸವಾರ ಯಾರು’ ಎಂಬ 1914ರಿಂದ ನಡೆದು ಬಂದ ಪ್ರಶ್ನೆಯ ಜಾಗಕ್ಕೆ ‘ಸವಾರ ಏನು ಮಾಡಿದ’ ಎಂಬ ಪ್ರಶ್ನೆ ಬಂದದ್ದು ಆಗ. ಈ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ತಿರುವನ್ನು ನಾನು ಕಾಣೆ. ಅದೇ ವರ್ಷದ ಡಿಸೆಂಬರಿನಲ್ಲಿ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ಜಿಗಿಯುವವರನ್ನು ಹಿಡಿಯುವ 80 ಕ್ಯಾಮೆರಾ ಕೆಲಸ ಶುರು ಮಾಡಿದವು. ಕ್ಯಾಮೆರಾ ಕೀ ಕಿತ್ತುಕೊಳ್ಳುವುದಿಲ್ಲ, ಚೌಕಾಸಿ ಮಾಡುವುದಿಲ್ಲ, ಮುಖ ನೋಡಿ ಮಣೆ ಹಾಕುವುದಿಲ್ಲ. ಇದು ನಿಜವಾದ ಲಾಭ. ಆದರೆ ಅದು ನೋಟಿಸು ಕಳಿಸುವ ಹೊತ್ತಿಗೆ ತಪ್ಪು ನಡೆದು ದಿನಗಳಾಗಿರುತ್ತವೆ, ಮತ್ತು ಅದು ಗುರುತಿಸುವುದು ಗಾಡಿಯನ್ನು, ಓಡಿಸಿದವನನ್ನಲ್ಲ. ಬಾಕಿ ಬೆಳೆಯುತ್ತದೆ, ರಿಯಾಯಿತಿ ಬರುತ್ತದೆ, ಜನ ಕಟ್ಟುತ್ತಾರೆ, ಮತ್ತೆ ಬಾಕಿ ಬೆಳೆಯುತ್ತದೆ.

ಕೊನೆಯ ಆಕ್ಷೇಪ ಕಾರ್ಯಸಾಧ್ಯತೆಯದು: ಇಷ್ಟು ಲಕ್ಷ ಜನರನ್ನು ನಿಜವಾದ ರಸ್ತೆಯಲ್ಲಿ ಪರೀಕ್ಷಿಸುವುದು ಆಗುವ ಮಾತೇ? ಬೈಕ್ ಸವಾರಿಯನ್ನು ಕಲಿಸಬಹುದಾದ ವಿದ್ಯೆಯೆಂದು ನಂಬಿದ ಸಂಸ್ಥೆಗಳು ನಮ್ಮ ಊರಿನಲ್ಲೇ ಇವೆ. ಸೇನೆಯ ಮಿಲಿಟರಿ ಪೊಲೀಸ್ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅದರ ಶ್ವೇತ್ ಅಶ್ವ್ ತಂಡ ಬೈಕ್ ಸಾಹಸಕ್ಕೆ ಹೆಸರಾದದ್ದು. ಸೇನೆಯ ಎಎಸ್‌ಸಿ ಟೊರ್ನಾಡೋಸ್ ತಂಡ 2017ರ ನವೆಂಬರಿನಲ್ಲಿ ಯಲಹಂಕದಲ್ಲಿ 500 ಸಿಸಿಯ ಒಂದೇ ಬೈಕಿನ ಮೇಲೆ 58 ಮಂದಿಯನ್ನು ಹೊತ್ತು ಸಾಗಿತು. ಸಾಹಸ ಬೇರೆ, ದಿನದ ಸವಾರಿ ಬೇರೆ, ಒಪ್ಪುತ್ತೇನೆ. ಆದರೆ ಆ ಸಾಹಸದ ಹಿಂದೆ ತಿಂಗಳುಗಟ್ಟಲೆ ಕವಾಯತು ಇದೆ, ಮತ್ತು ದಂಡಿನ ನೆಲದಲ್ಲಿ ಕವಾಯತಿಗೆ ಎರಡು ಶತಮಾನದ ಪರಂಪರೆಯಿದೆ. ಆ ಪರಂಪರೆಯಿಂದ ನಾಗರಿಕ ಆಡಳಿತ ಶಿಸ್ತಿನ ಭಯವನ್ನು ತೆಗೆದುಕೊಂಡಿತು, ಅಭ್ಯಾಸವನ್ನು ಬಿಟ್ಟಿತು. ನಮಗೆ ಲೈಸೆನ್ಸ್ ಪದ್ಧತಿಯನ್ನು ಕೊಟ್ಟ ಬ್ರಿಟನ್ ತನ್ನ ತಪ್ಪನ್ನು ತಿದ್ದಿಕೊಂಡಿದೆ: 1990ರಿಂದ ಅಲ್ಲಿ ಹೊಸ ಬೈಕ್ ಸವಾರನಿಗೆ ರಸ್ತೆಗಿಳಿಯುವ ಮೊದಲು ಮೂಲತರಬೇತಿ ಕಡ್ಡಾಯ, 2009ರಿಂದ ಪರೀಕ್ಷೆ ಎರಡು ಹಂತದ್ದು, ಮೊದಲನೆಯದು ಮೈದಾನದಲ್ಲಿ, ಎರಡನೆಯದು ರಸ್ತೆಯಲ್ಲಿ. ನಮ್ಮ 15ನೇ ನಿಯಮ ಬಯಸಿದ್ದೂ ಹೆಚ್ಚುಕಡಿಮೆ ಅದನ್ನೇ. ಹೊಸ ಕಾನೂನು ಬೇಕಾಗಿಲ್ಲ, ಇರುವ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಸಾಕು.

ಹಣವಿಲ್ಲ ಎಂಬ ಮಾತಂತೂ ನಡೆಯುವುದಿಲ್ಲ. 2023ರ ಆ ಒಂಬತ್ತು ದಿನಗಳ ವಸೂಲಿಯ ಒಂದು ಪಾಲು ಸಾಕಿತ್ತು, ಕಸ್ತೂರಿನಗರದ ಪೂರ್ವ ಆರ್‌ಟಿಒಗೂ ಕೆ.ಆರ್. ಪುರದ ಕಚೇರಿಗೂ ಸಿಗ್ನಲ್, ಜೀಬ್ರಾ ಪಟ್ಟೆ, ತಿರುವು, ಒದ್ದೆ ನೆಲ ಇರುವ ಒಂದೊಂದು ತರಬೇತಿ ಮೈದಾನ ಕಟ್ಟಲು. ಸಾರಿಗೆ ಇಲಾಖೆ ಮತ್ತು ಪೊಲೀಸ್ ಇಲಾಖೆ ಎರಡೂ ಒಂದೇ ಸರ್ಕಾರದವು. ಒಂದರ ವಸೂಲಿಯ ಒಂದಂಶವನ್ನು ಇನ್ನೊಂದರ ತರಬೇತಿಗೆ ಕಡ್ಡಾಯವಾಗಿ ಕೊಡುವ ಆದೇಶವನ್ನು ಸರ್ಕಾರ ಹೊರಡಿಸಬೇಕು. ಮುಂದಿನ ಸಲ ದಂಡಕ್ಕೆ ರಿಯಾಯಿತಿ ಸಿಕ್ಕಾಗ ಓದುಗರು ಬಾಕಿಯನ್ನು ಖಂಡಿತ ಕಟ್ಟಲಿ, ಮತ್ತು ಆ ಹಣ ಎಲ್ಲಿ ಖರ್ಚಾಯಿತೆಂದು ತಮ್ಮ ಶಾಸಕರನ್ನು ಕೇಳಲಿ.