ಬಿಟರ್‌ರೂಟ್ ಕಣಿವೆಯ ಚುಕ್ಕೆಜ್ವರ

ಅಮೆರಿಕದ ಮೊಂಟಾನಾ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ, ಹಿಮ ಕರಗಿ ಹುಲ್ಲು ಚಿಗುರುತ್ತಿದ್ದಂತೆಯೇ ಒಂದು ಮಾರಕ ಜ್ವರ ಕಾಣಿಸಿಕೊಳ್ಳುತ್ತಿತ್ತು. ಮರ ಕಡಿಯುವವರು, ಕುರಿಗಾರರು, ಹೊಸದಾಗಿ ನೆಲ ಹಸನು ಮಾಡುತ್ತಿದ್ದ ರೈತರು ಜ್ವರ, ತಲೆನೋವುಗಳಿಂದ ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ಮಣಿಕಟ್ಟು ಮತ್ತು ಕಾಲಿನ ಹರಡುಗಳ ಸುತ್ತ ಸಣ್ಣ ಕೆಂಪು ಚುಕ್ಕೆಗಳು ಮೂಡಿ, ಮುಂಡಕ್ಕೂ ಅಂಗೈ ಅಂಗಾಲುಗಳಿಗೂ ಹಬ್ಬಿ, ಚರ್ಮದಡಿ ರಕ್ತ ಒಸರಿ ಕಪ್ಪಾಗುತ್ತಿದ್ದುದರಿಂದ ಜನ ಇದನ್ನು 'ಕಪ್ಪು ದಡಾರ' ಎಂದು ಕರೆದರು.

1906ರಲ್ಲಿ ಅಲ್ಲಿಗೆ ಬಂದ ಹೊವರ್ಡ್ ರಿಕೆಟ್ಸ್ ಎಂಬ ವಿಜ್ಞಾನಿ, ರೋಗ ತಗುಲಿದ ಗಿನಿಯಿಲಿಯ ರಕ್ತ ಹೀರಿದ ಉಣುಗನ್ನು ಆರೋಗ್ಯವಂತ ಗಿನಿಯಿಲಿಯ ಮೈಗೆ ಹತ್ತಿಸಿ, ಅದಕ್ಕೂ ಜ್ವರ ಬರುವುದನ್ನು ತೋರಿಸಿಕೊಟ್ಟನು. ಜೀವಕೋಶದ ಒಳಗೇ ಬೆಳೆದು ರಕ್ತನಾಳಗಳ ಒಳಪದರವನ್ನು ಕೆಡಿಸುವ, ಈ ಜ್ವರಕ್ಕೆ ಕಾರಣವಾದ ಬ್ಯಾಕ್ಟೀರಿಯಾಕ್ಕೆ ಮುಂದೆ 'ರಿಕೆಟ್ಸಿಯಾ' ಎಂದು ಅವನ ಹೆಸರನ್ನೇ ಇಡಲಾಯಿತು. ಆದರೆ ಆ ಗೌರವವನ್ನು ಕಾಣಲು ಅವನಿರಲಿಲ್ಲ, 1910ರಲ್ಲೇ ಮೆಕ್ಸಿಕೋ ನಗರದಲ್ಲಿ ಟೈಫಸ್ ಜ್ವರವನ್ನು ಅಭ್ಯಸಿಸುತ್ತ ಅದಕ್ಕೇ ಬಲಿಯಾಗಿದ್ದನು.

ಕಾರಣ ತಿಳಿದ ಮೇಲೂ ನಾಲ್ಕು ದಶಕ ಮದ್ದಿರಲಿಲ್ಲ. ಆ ನಡುವೆ ಸ್ಪೆನ್ಸರ್ ಮತ್ತು ಪಾರ್ಕರ್ ಎಂಬ ವಿಜ್ಞಾನಿಗಳು ಸೋಂಕಿತ ಉಣುಗುಗಳನ್ನೇ ಅರೆದು, ಕಾರ್ಬಾಲಿಕ್ ಆಮ್ಲದಿಂದ ರೋಗಾಣುಗಳನ್ನು ಕೊಂದು ಲಸಿಕೆ ತಯಾರಿಸಿದರು. 1924ರಲ್ಲಿ ಸ್ಪೆನ್ಸರ್ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಈ ಸಂಶೋಧನೆಯಲ್ಲಿ ದುಡಿದ ಹಲವರು ಅದೇ ಜ್ವರದಿಂದ ಸತ್ತರೆಂಬುದನ್ನು ಮರೆತು ಲಸಿಕೆಯ ಕತೆ ಹೇಳುವುದು ಅನ್ಯಾಯವಾದೀತು. 1928ರಲ್ಲಿ ಕಣಿವೆಯ ಹ್ಯಾಮಿಲ್ಟನ್ ಪಟ್ಟಣದಲ್ಲಿ ಪ್ರಯೋಗಾಲಯ ಕಟ್ಟಿದಾಗ, ಉಣುಗುಗಳು ಹೊರಬರುವ ಭಯದಿಂದ ವಿರೋಧಿಸಿದ ಊರವರ ಸಮಾಧಾನಕ್ಕಾಗಿ ಕಟ್ಟಡದ ಸುತ್ತ ನೀರಿನ ಕಾಲುವೆಯನ್ನೇ ತೋಡಬೇಕಾಯಿತು.

ನಿಜವಾದ ಚಿಕಿತ್ಸೆ ದೊರೆತದ್ದು 1948ರ ಸುಮಾರಿಗೆ, ಕ್ಲೋರಾಂಫೆನಿಕಾಲ್ ಮತ್ತು ಆರಿಯೋಮೈಸಿನ್ ಎಂಬ ಪ್ರತಿಜೀವಕಗಳಿಂದ. ಇವುಗಳಲ್ಲಿ ಎರಡನೆಯದು ಭಾರತೀಯ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನಾ ನಿರ್ದೇಶಕರಾಗಿದ್ದ ಲೆಡರ್ಲಿ ಪ್ರಯೋಗಾಲಯದಲ್ಲಿ ದೊರೆತದ್ದು. ಅದೇ ವರ್ಗದ ಡಾಕ್ಸಿಸೈಕ್ಲಿನ್ ಇಂದು ಮಕ್ಕಳಿಗೂ ಮೊದಲ ಆಯ್ಕೆಯ ಔಷಧ. ಆದರೂ ಸಾವು ನಿಂತಿಲ್ಲ. ಜ್ವರ ಬಂದ ಮೊದಲ ದಿನಗಳಲ್ಲಿ ಚುಕ್ಕೆಗಳು ಕಾಣದಿರಬಹುದು, ಕಚ್ಚಿದ ಉಣುಗು ರೋಗಿಯ ಗಮನಕ್ಕೇ ಬಾರದಿರಬಹುದು, ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತುಗಳು, ಸಾಮಾನ್ಯವಾಗಿ ಮೊದಲ ವಾರ ಕಳೆದ ಮೇಲಷ್ಟೇ ಪತ್ತೆಯಾಗುತ್ತವೆ. ಐದನೆಯ ದಿನ ದಾಟಿ ಔಷಧ ಕೊಟ್ಟರೆ ಅಪಾಯ ಹೆಚ್ಚುವುದರಿಂದ, ಪರೀಕ್ಷೆಯ ಉತ್ತರಕ್ಕೆ ಕಾಯದೆ ಶಂಕೆಯ ಮೇಲೆಯೇ ಚಿಕಿತ್ಸೆ ಆರಂಭಿಸುವುದು ವೈದ್ಯರ ಕರ್ತವ್ಯವಾಗಿದೆ.

ಮಲೆನಾಡಿನ ಮಂಗನ ಕಾಯಿಲೆಯೂ ಉಣುಗಿನಿಂದಲೇ ಬರುವುದಾದರೂ ಅದು ವೈರಸ್ಸಿನ ರೋಗವಾದ್ದರಿಂದ ಈ ಔಷಧ ಅದಕ್ಕೆ ನಾಟದು. ಆದರೆ ರಿಕೆಟ್ಸಿಯಾ ಕುಲಕ್ಕೇ ಸೇರಿದ, ಡಾಕ್ಸಿಸೈಕ್ಲಿನ್‌ಗೆ ಮಣಿಯುವ ಉಣುಗು ಟೈಫಸ್ ಭಾರತದಲ್ಲೂ ಇದೆ.