ಕಲ್ಲಿನ ಲೆಕ್ಕ, ನಾಣ್ಯದ ನಡೆ: ಜಿನನಾಥಪುರ ಪರಿಸರದ ದಾನಶಾಸನಗಳು

ಶ್ರವಣಬೆಳಗೊಳದ ಉತ್ತರಕ್ಕೆ ಸುಮಾರು ಒಂದು ಮೈಲಿ ದೂರದಲ್ಲಿರುವ ಜಿನನಾಥಪುರವನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 12ನೆಯ ಶತಮಾನದ ಆದಿಭಾಗದಲ್ಲಿ ನೆಲೆಗೊಳಿಸಿದನು. ಅಲ್ಲಿನ ಶಾಂತಿನಾಥ ಬಸದಿಯನ್ನು 1200ರ ಸುಮಾರಿಗೆ ಕಟ್ಟಿಸಿದವನು ವಸುಧೈಕಬಾಂಧವನೆಂದು ಹೆಸರಾದ ರೇಚಣ. ಈ ಪರಿಸರದ 500 ಶಾಸನಗಳನ್ನು ಆರ್. ನರಸಿಂಹಾಚಾರ್ಯರು 1923ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯಾಗಿ ಹೊರತಂದರು. ಧರ್ಮ ಮತ್ತು ಕಾವ್ಯಗಳ ಇತಿಹಾಸಕ್ಕೆ ಆಕರವಾದ ಈ ಶಾಸನಗಳಲ್ಲಿ ಹಣದ ಇತಿಹಾಸವೂ ಇದೆ. ಯಾರು, ಯಾವ ನಾಣ್ಯದಲ್ಲಿ, ಎಷ್ಟು, ಯಾವ ಕಾರ್ಯಕ್ಕೆ ಕೊಟ್ಟರೆಂಬುದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಬರೆಸಿಟ್ಟ ಲೆಕ್ಕಗಳಿವು.

ಹೊಯ್ಸಳರ ಕಾಲದ ಗದ್ಯಾಣಕ್ಕೆ ಹತ್ತು ಹಣ. ಹಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಈ ನಾಣ್ಯಗಳ ಕೆಲಸ ಒಂದೇ ಆಗಿರಲಿಲ್ಲ. ಗೊಮ್ಮಟದೇವರ ಹಾಲಿನ ಅಭಿಷೇಕಕ್ಕೆ ಭಕ್ತರು ಇಡುತ್ತಿದ್ದ ಮೂಲಧನ ಗದ್ಯಾಣದಲ್ಲಿ. ಅದರಿಂದ ಹುಟ್ಟುವ ಬಡ್ಡಿ ಹಾಗದಲ್ಲಿ. ಹೊನ್ನಿಗೆ ತಿಂಗಳಿಗೊಂದು ಹಾಗವೆಂಬ ದರವನ್ನು, ಹೊನ್ನಿಗೆ ಹತ್ತು ಹಣವೆಂದು ಹಿಡಿದು ಎಣಿಸಿದರೆ, ತಿಂಗಳಿಗೆ ಶೇಕಡ 2.5, ವರ್ಷಕ್ಕೆ ಶೇಕಡ 30 ಆಗುತ್ತದೆ. 1368ರ ಬುಕ್ಕರಾಯನ ಶಾಸನದಲ್ಲಿ ಜೈನರ ಮನೆಮನೆಯಿಂದ ಬೆಳ್ಗೊಳದ ಕಾವಲಿಗೆ ಎತ್ತಬೇಕಾದದ್ದು ವರ್ಷಕ್ಕೊಂದು ಹಣ. ಗದ್ಯಾಣ ನಿಲ್ಲುವ ಧನ, ಹಾಗ ಹರಿಯುವ ಧನ, ಹಣ ಎಲ್ಲ ಮನೆಗಳಿಗೂ ಎಟುಕುವ ಧನ. ಬರಿಯ ಸಂಖ್ಯೆಗಳನ್ನು ಕೂಡಿಸಿದವನಿಗೆ ಈ ಭೇದ ಕಾಣದು.

ಇಂದಿನ ಕ್ರಿಪ್ಟೋ ನಾಣ್ಯಗಳ ಅಧ್ಯಯನದಲ್ಲಿಯೂ ಇದೇ ತೊಡಕು ಎದುರಾಗುತ್ತದೆ. 2009ರಲ್ಲಿ ಚಾಲನೆಗೊಂಡ ಬಿಟ್‌ಕಾಯಿನ್ ಮತ್ತು 2015ರ ಈಥೀರಿಯಂಗಳ ಪ್ರತಿಯೊಂದು ವರ್ಗಾವಣೆಯೂ ಬ್ಲಾಕ್‌ಚೈನ್ ಎಂಬ ಬಹಿರಂಗ ಲೆಕ್ಕದಲ್ಲಿ ಅಳಿಸಲಾಗದಂತೆ ದಾಖಲಾಗುತ್ತದೆ. ಆದರೆ ಬಿಟ್‌ಕಾಯಿನ್‌ನಲ್ಲಿ ಕೊಟ್ಟವನಿಗೆ ಹಿಂದಿರುಗುವ ಚಿಲ್ಲರೆಯೂ ವರ್ಗಾವಣೆಯಂತೆಯೇ ದಾಖಲಾಗುವುದರಿಂದ ಒಟ್ಟು ಮೊತ್ತ ಉಬ್ಬಿ ಕಾಣುತ್ತದೆ. ಈಥೀರಿಯಂನಲ್ಲಿ ಖಾತೆಯ ಶಿಲ್ಕು ನೇರವಾಗಿ ಇಳಿಯುವುದರಿಂದ ಚಿಲ್ಲರೆಯ ಪ್ರಶ್ನೆಯಿಲ್ಲ. ಆದರೆ ಮೂಲನಾಣ್ಯ ಕೈಬದಲಾಗದ ವ್ಯವಹಾರಗಳೂ ಎಣಿಕೆಗೆ ಬರುತ್ತವೆ. ಒಬ್ಬನೇ ಹಲವು ವಿಳಾಸಗಳನ್ನು ಹೊಂದಬಹುದಾದ್ದರಿಂದ ವಿಳಾಸಗಳ ಸಂಖ್ಯೆ ಜನರ ಸಂಖ್ಯೆಯಲ್ಲ. ಪ್ರತಿ ನಾಣ್ಯವೂ ಯಾವ ಕೆಲಸಕ್ಕೆ ಒದಗುತ್ತಿದೆಯೆಂದು ವಿಂಗಡಿಸಿದ ಮೇಲೆಯೇ ಹೋಲಿಕೆಗೆ ಅರ್ಥ ಬರುತ್ತದೆ.

ವಿಂಗಡಿಸಿದ ಮೇಲೆಯೂ ದಾಖಲೆಗೆ ಒಂದು ಮಿತಿಯುಂಟು. ದಾನಶಾಸನವು ಕೊಟ್ಟುದನ್ನು ಹೇಳುತ್ತದೆ. ಕೊಟ್ಟದ್ದು ನಡೆದುಬಂದಿತೇ ಎಂಬುದನ್ನು ಹೇಳದು. ಬೆಳ್ಗೊಳದ ದತ್ತಿ ಭೂಮಿಗಳನ್ನು ಸ್ಥಾನಿಕರು ವರ್ತಕರಲ್ಲಿ ಅಡವಿಟ್ಟಿದ್ದ ಸಂಗತಿ 1634ರ ಶಾಸನದಿಂದ ತಿಳಿಯುತ್ತದೆ. ಮೈಸೂರಿನ ಚಾಮರಾಜ ಒಡೆಯರು ಸಾಲ ತೀರಿಸಲು ಮುಂದಾದಾಗ ಸಾಲ ಕೊಟ್ಟವರು ಅಡವನ್ನು ಬಿಟ್ಟುಕೊಟ್ಟರು. ಮುಂದೆ ಹೀಗೆ ಅಡವಿಡಕೂಡದೆಂದು ಕಟ್ಟಳೆಯಾಯಿತು. ಹಳೆಯ ದಾನಗಳ ಅಕ್ಷರಗಳು ಕಲ್ಲಿನಲ್ಲಿ ಮಾಸದೆ ಇದ್ದಾಗಲೇ ಆ ಭೂಮಿಯ ಫಲ ಪರರ ಪಾಲಾಗಿತ್ತು.

ಅಳಿಯದ ಬರಹವು ವ್ಯವಹಾರಕ್ಕೆ ಸಾಕ್ಷಿಯಾಗಬಲ್ಲುದು, ಕಾವಲಾಗಲಾರದು. ಬೆಳ್ಗೊಳದ ದತ್ತಿಗಳನ್ನು ಉಳಿಸಿದ್ದು ಕಲ್ಲಿನ ಗಟ್ಟಿತನವಲ್ಲ, ಅದನ್ನು ಮತ್ತೆ ಓದಿ ಬಾಧ್ಯತೆ ಹೊತ್ತ ಜನ. ಶಾಸನವನ್ನಾಗಲಿ ಬ್ಲಾಕ್‌ಚೈನನ್ನಾಗಲಿ ಓದುವ ಸಂಶೋಧಕನು ಮೊತ್ತವನ್ನು ಎಣಿಸಿದ ಬಳಿಕ ಈ ಬಾಧ್ಯತೆ ಯಾರದೆಂದೂ ಕೇಳಬೇಕಾಗುತ್ತದೆ.